ಗೋಡೆಗಳ ಫೋಟೋ ತೆಗೆಯುವವರ ಹೆಂಡತಿ

ಮದುವೆಯಾಗಿ ನಾನು ಆಳಂದಕ್ಕೆ ಬಂದಾಗ ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ, ಗೋಡೆ ಗಡಿಯಾರ ಇರಲಿಲ್ಲ. ಆದರೆ ಒಂದು ಕ್ಯಾಮೆರಾ ಇತ್ತು. ನಮ್ಮ ಮನೆಯವರ ಸೋದರಮಾವ ಸೊಲ್ಲಾಪುರದ ಗಿರಣಿಯಲ್ಲಿದ್ದ. ಕಣ್ಣು ಮಂಜಾದ ಮೇಲೆ ತನ್ನ ಕ್ಯಾಮೆರಾವನ್ನು ಅಳಿಯನ ಕೈಗೆ ಹಾಕಿದ್ದ. ಚರ್ಮದ ಚೀಲದಲ್ಲಿ ಕೂತಿರುತ್ತಿದ್ದ ಅದನ್ನು ಎದೆಯ ಹತ್ತಿರ ಹಿಡಿದು, ಬಾವಿ ಇಣುಕಿದ ಹಾಗೆ ಮೇಲಿನಿಂದ ಬಗ್ಗಿ ನೋಡಬೇಕಿತ್ತು. ಒಂದು ರೋಲಿಗೆ ಹನ್ನೆರಡೇ ಫೋಟೋ. ರೋಲು ಗುಲ್ಬರ್ಗಾದಿಂದ ಬರಬೇಕು, ತೊಳೆಯಲಿಕ್ಕೆ ಮತ್ತೆ ಗುಲ್ಬರ್ಗಾಕ್ಕೇ ಹೋಗಬೇಕು.

ನಾನು ಅಫಜಲಪುರದವಳು. ಏಳನೇ ಇಯತ್ತೆಗೆ ಸಾಲೆ ಬಿಡಿಸಿದ್ದರು. ಗೊತ್ತಾದ ಗಂಡಿನ ಹತ್ತಿರ ಸ್ವಂತ ಕ್ಯಾಮೆರಾ ಇದೆ ಎಂದು ಕೇಳಿದಾಗ ಗೆಳತಿಯರು ಎಷ್ಟು ಕಾಡಿದ್ದರೆಂದರೆ, ಇನ್ನು ನನ್ನ ಬಾಳೆಲ್ಲ ಫೋಟೋದಲ್ಲೇ ಕಳೆಯುತ್ತದೆ ಎಂದು ನಾನೂ ನಂಬಿಬಿಟ್ಟಿದ್ದೆ. ನಮ್ಮ ಮದುವೆಯದೆಂದು ಉಳಿದಿದ್ದ ಒಂದೇ ಫೋಟೋದಲ್ಲಿ ನಾನು ತಲೆ ಬಗ್ಗಿಸಿ ಕೂತಿದ್ದೇನೆ. ಬಾಸಿಂಗ ಕಾಣುತ್ತದೆ, ಮುಖ ಕಾಣುವುದಿಲ್ಲ. ಹೋಗಲಿ, ಮುಂದೆ ಎಷ್ಟು ಬೇಕಾದರೂ ತೆಗೆಸಿಕೊಳ್ಳಬಹುದು ಅಂದುಕೊಂಡೆ. ಎಪ್ಪತ್ತರ ದಶಕದ ನಡುವಿನ ಮಾತು ಇದು. ಆಗ ನಮ್ಮ ಕಡೆ ಹೆಣ್ಣುಮಕ್ಕಳು ಸತ್ತ ಮೇಲೆ ಗೋಡೆಗೆ ಹಾಕಲಿಕ್ಕೂ ಒಂದು ಫೋಟೋ ಸಿಗುತ್ತಿರಲಿಲ್ಲ.

ನಮ್ಮ ಮನೆಯವರು ಲೋಕೋಪಯೋಗಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಮಾತು ಕಡಿಮೆ. ಬೆರಳಿಗೆ ಯಾವಾಗಲೂ ಶಾಯಿ. ರವಿವಾರ ಬೆಳಗಾದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು. ಮೊದಲ ಸಲ ಹೊರಟಾಗ ನಾನೂ ಬರುತ್ತೇನೆ ಎಂದೆ. ಅವರು ಬೇಡ ಅನ್ನಲಿಲ್ಲ. ತವರಿನಿಂದ ತಂದಿದ್ದ ಇಳಕಲ್ ಸೀರೆ ಉಟ್ಟೆ, ಹೆರಳಿಗೆ ಹೂವು ಮುಡಿದೆ. ಇಬ್ಬರೂ ನಡೆದು ಊರ ಅಗಸಿಯ ಹತ್ತಿರ ಬಂದೆವು. ಹಳೆಯ ಕಲ್ಲಿನ ಬಾಗಿಲು, ಮೇಲೆ ಕಮಾನು, ಒಂದು ಬದಿಯ ಕದ ಕಿತ್ತುಹೋಗಿತ್ತು. ನಾನು ಕೇಳದೆಯೇ ಹೋಗಿ ಕಮಾನಿನ ಕೆಳಗೆ, ಬೆಳಕು ಚೆನ್ನಾಗಿ ಬೀಳುವ ಕಡೆ ನಿಂತೆ. ಅವರು ಬಗ್ಗಿ ಕ್ಯಾಮೆರಾದೊಳಗೆ ಬಹಳ ಹೊತ್ತು ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ.

“ಒಂಚೂರು ಆಕಡೆ ಸರಿ,” ಎಂದರು ತಲೆ ಎತ್ತದೆಯೇ. “ಕದದ ಕೀಲು ಕಾಣವಲ್ದು.”

ಸರಿದೆ. ಇನ್ನೂ ಸ್ವಲ್ಪ ಎಂದರು, ಇನ್ನೂ ಸರಿದೆ. ಕಡೆಗೆ ಪಾನ್ ಅಂಗಡಿಯ ಪಕ್ಕದಲ್ಲಿ, ಫೋಟೋದ ಹೊರಗೆ ಹೋಗಿ ನಿಂತಿದ್ದೆ. ಕ್ಯಾಮೆರಾ ಟಕ್ ಎಂದಿತು. ಅವರ ಮುಖದ ಮೇಲೆ ಬಂದ ಆ ಸಂತೋಷವನ್ನು ನಾನು ಮದುವೆಯ ಮಂಟಪದಲ್ಲೂ ನೋಡಿರಲಿಲ್ಲ. ಆ ಕಲ್ಲಿನ ಕಮಾನಿನ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ಅದೊಂದು ಹೆಂಗಸಾಗಿದ್ದರೆ ಅಲ್ಲೇ ಜಡೆ ಹಿಡಿದು ಎಳೆಯುತ್ತಿದ್ದೆನೇನೋ.

ಹದಿನೈದು ದಿನ ಬಿಟ್ಟು ಫೋಟೋ ಬಂದವು. ಅವನ್ನು ಹಾಸಿಗೆಯ ಮೇಲೆ ಸಾಲಾಗಿ ಹರಡಿದರು. ಅಗಸಿ, ಕಚೇರಿಯ ಮೆಟ್ಟಿಲು, ದರ್ಗಾದ ಓಣಿ, ಗಂಜ್ ಮಾರುಕಟ್ಟೆಯ ತೊಗರಿ ಅಂಗಡಿಗಳ ತಗಡಿನ ಚಪ್ಪರ, ಹುಡುಗರ ಸಾಲೆಯ ಹಿಂದಿನ ಗೋಡೆ, ಒಂದು ಹಳೆಯ ಮನೆಯ ಕಟ್ಟಿಗೆಯ ಕಂಬ. ಒಂದರಲ್ಲಿಯೂ ಮನುಷ್ಯರಿಲ್ಲ. ಓಣಿ ಖಾಲಿಯಾಗುವವರೆಗೆ ಕಾಯುತ್ತಾರಂತೆ. ಜನ ಬಂದರೆ ಕಟ್ಟಡ ಮುಚ್ಚಿಹೋಗುತ್ತದಂತೆ. ಪ್ರತಿ ಫೋಟೋದ ಹಿಂದೆ ಸಣ್ಣ ಅಕ್ಷರದಲ್ಲಿ ಜಾಗದ ಹೆಸರು ಬರೆದು, ಹಳೆಯ ಬಿಸ್ಕೀಟ್ ಡಬ್ಬಿಯಲ್ಲಿ ಎತ್ತಿಟ್ಟರು. ನನಗೆ ಆ ಡಬ್ಬಿಯನ್ನು ಕಂಡರೆ ಆಗುತ್ತಿರಲಿಲ್ಲ. ಕಸ ಗುಡಿಸುವಾಗ ಅದರ ಸುತ್ತ ಗುಡಿಸುತ್ತಿದ್ದೆ, ಅದನ್ನು ಎತ್ತುತ್ತಿರಲಿಲ್ಲ.

ಜೇವರ್ಗಿಯಲ್ಲಿ ನನ್ನ ಅಕ್ಕನ ಮನೆ. ಅವಳ ಗಂಡನದು ಕಿರಾಣಿ ಅಂಗಡಿ. ಒಂದು ಸಲ ಅಕ್ಕನ ಮಗುವಿನ ತೊಟ್ಟಿಲಿಗೆ ಹೋದಾಗ ಅವರ ಪಡಸಾಲೆಯ ಗೋಡೆಯ ಮೇಲೆ ಗಂಡ ಹೆಂಡತಿಯ ದೊಡ್ಡ ಫೋಟೋ ನೋಡಿದೆ. ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ಕೊಳ ಮತ್ತು ಹಂಸಗಳ ಪರದೆ. ಅಕ್ಕನ ಸೀರೆಗೂ ತುಟಿಗೂ ಕೈಯಿಂದ ಬಣ್ಣ ಹಚ್ಚಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಹೂವು, ಭಾವನ ಕೈಯಲ್ಲಿ ಗಡಿಯಾರ. ಬಂದವರೆಲ್ಲ ಮೊದಲು ಅದನ್ನು ನೋಡಿ, ಆಮೇಲೆ ಮಗುವನ್ನು ನೋಡುತ್ತಿದ್ದರು. ನಾನು ನೋಡದವಳಂತೆ ಮಾಡಿದೆ. ಊಟಕ್ಕೆ ಕೂತರೆ ಎದುರಿಗೇ ಅದು. ಶೇಂಗಾ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಅಷ್ಟರಲ್ಲಿ ನಮ್ಮ ಮನೆಯವರು ಎಲ್ಲಿದ್ದರು? ಜೇವರ್ಗಿಯ ಹಳೆಯ ಸಾಲೆಯ ಮಾಳಿಗೆ ಬೀಳುವ ಹಾಗಿದೆ ಎಂದು ಯಾರೋ ಹೇಳಿದ್ದರಂತೆ. ಊಟ ಬಿಟ್ಟು ಅದರ ಫೋಟೋ ತೆಗೆಯಲಿಕ್ಕೆ ಹೋಗಿದ್ದರು.

ಅಕ್ಕ ಎಲೆಯಡಿಕೆ ಮಡಿಸುತ್ತ, “ನಿಮ್ಮ ಮನಿಯವ್ರು ಬರೇ ಗ್ವಾಡಿ ಫೋಟೋ ತೆಗೀತಾರಂತಲ್ಲ, ಖರೇ ಏನು?” ಎಂದು ಕೇಳಿದಳು. ಅಲ್ಲಿದ್ದ ಹೆಂಗಸರು ಮೆಲ್ಲಗೆ ನಕ್ಕರು. ನಾನು, ಅದು ಅವರ ಆಫೀಸಿನ ಕೆಲಸ, ಸರ್ಕಾರಕ್ಕೆ ಬೇಕಾಗುತ್ತದೆ ಎಂದೆ. ಅಕ್ಕ ತಲೆಯಾಡಿಸಿದಳು. ಅದು ಸುಳ್ಳು ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬಸ್ಸಿನಲ್ಲಿ ಬರುವಾಗ ಇಡೀ ದಾರಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಅವರು ಅದನ್ನೂ ಗಮನಿಸಲಿಲ್ಲ. ಆ ಸಾಲೆಯ ತೊಲೆ ಸಾಗುವಾನಿಯದು ಎಂದು ಒಂದು ಮಾತು ಹೇಳಿ ಸುಮ್ಮನಾದರು.

ಹೀಗೇ ಎಂಟೊಂಬತ್ತು ವರ್ಷ ಕಳೆದವು. ಇಬ್ಬರು ಮಕ್ಕಳಾದರು. ಮಕ್ಕಳ ಫೋಟೋ ಒಂದೊಂದು ತೆಗೆದರು, ಅದೂ ರೋಲು ಮುಗಿಸಲಿಕ್ಕೆ. ಕಲ್ಲಿನ ಮೇಲಿನ ಹೊಟ್ಟೆಕಿಚ್ಚು ನನಗೆ ರೂಢಿಯಾಗಿಬಿಟ್ಟಿತ್ತು. ಅಷ್ಟರಲ್ಲಿ ಹೆಣ್ಣುಮಕ್ಕಳ ಸಾಲೆಗೆ ಹೊಸ ಹೆಡ್ ಅಕ್ಕೋರು ಬಂದರು.

ನಮ್ಮ ಕಡೆ ಸಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತೇವೆ. ಈ ಅಕ್ಕೋರು ಬೀದರ ಕಡೆಯವರು. ನನಗಿಂತ ಐದಾರು ವರ್ಷ ದೊಡ್ಡವರು. ಮದುವೆಯಾಗಿರಲಿಲ್ಲ. ಗಂಜಿ ಹಾಕಿದ ಕಾಟನ್ ಸೀರೆ, ಕೈಯಲ್ಲಿ ಛತ್ರಿ. ಅವರ ಸಾಲೆ ನಿಜಾಮರ ಕಾಲದ್ದು. ದಪ್ಪ ಗೋಡೆ, ಮುಂದೆ ಕಮಾನುಗಳ ಸಾಲು, ಒಳಗೆ ಪರಸಿ ಕಲ್ಲು ಹಾಸಿದ ಅಂಗಳ. ಮಳೆಗಾಲದಲ್ಲಿ ಸೋರುತ್ತಿತ್ತು. ಅದನ್ನು ಕೆಡವಿ ಸಿಮೆಂಟಿನ ಹೊಸ ಕಟ್ಟಡ ಕಟ್ಟುವುದೆಂದು ಆಗಿತ್ತು. ಅದರ ಅಳತೆ ತೆಗೆದುಕೊಂಡು ನಕ್ಷೆ ಬರೆಯುವ ಕೆಲಸ ನಮ್ಮ ಮನೆಯವರಿಗೆ ಬಂತು. ಅಳತೆಗೆ ಹೋದವರು ಕ್ಯಾಮೆರಾವನ್ನೂ ಒಯ್ದಿದ್ದರು. ಅದನ್ನು ನೋಡಿ ಅಕ್ಕೋರು, ಕೆಡವುವ ಮೊದಲು ಸಾಲೆಯ ಒಂದೊಂದು ಮೂಲೆಯದೂ ಫೋಟೋ ಆಗಬೇಕು ಎಂದು ಕೇಳಿಕೊಂಡರಂತೆ.

ಒಂದು ಸಂಜೆ ಅವರು ನಮ್ಮ ಮನೆಗೇ ಬಂದರು. ಬಿಸ್ಕೀಟ್ ಡಬ್ಬಿ ಹೊರಗೆ ಬಂತು. ನಾನು ಚಹಾ ಮಾಡುತ್ತ ಅಡಿಗೆಮನೆಯ ಬಾಗಿಲಿನಿಂದ ನೋಡುತ್ತಿದ್ದೆ. ಅಕ್ಕೋರು ಒಂದೊಂದು ಫೋಟೋವನ್ನೂ ಎರಡು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. ಇದು ಬೆಳಗ್ಗಿನದೋ ಸಂಜೆಯದೋ ಎಂದು ಕೇಳುತ್ತಿದ್ದರು. ಈ ಕಮಾನು ಆ ಕಮಾನಿನ ಹಾಗಿಲ್ಲ, ಯಾಕೆ ಎನ್ನುತ್ತಿದ್ದರು. ನನ್ನ ಗಂಡ ಮಾತಾಡುತ್ತಿದ್ದರು. ನಾನು ಚಹಾದ ನೀರು ಉಕ್ಕಿದ್ದನ್ನೂ ಮರೆತು ಕೇಳುತ್ತ ನಿಂತೆ. ಕೈ ಆಡಿಸಿ, ಗಾಳಿಯಲ್ಲಿ ಕಮಾನು ಬರೆದು, ನಡುನಡುವೆ ನಕ್ಕು ಮಾತಾಡುತ್ತಿದ್ದರು. ನನ್ನೊಂದಿಗೆ ಒಂದು ತಿಂಗಳಲ್ಲಿ ಆಡುವಷ್ಟು ಮಾತು ಆ ಒಂದು ತಾಸಿನಲ್ಲಿ ಆಗಿಹೋಯಿತು.

ಅಂದಿನಿಂದ ನನ್ನ ನೆಮ್ಮದಿ ಹೋಯಿತು. ಕಲ್ಲಿನ ಮೇಲಿನ ಮತ್ಸರ ಬೇರೆ, ಮನುಷ್ಯರ ಮೇಲಿನದು ಬೇರೆ. ಇದು ಹೊಟ್ಟೆಯೊಳಗೆ ಕೂತು ಹಗಲೂ ಇರುಳೂ ಮಾತಾಡುತ್ತದೆ. ಅಕ್ಕೋರು ಸೀರೆಯ ನಿರಿಗೆ ಹೇಗೆ ಹಿಡಿಯುತ್ತಾರೆ, ಕೂತಾಗ ಕಾಲು ಹೇಗೆ ಮಡಿಸುತ್ತಾರೆ, ನಮ್ಮವರ ಮಾತಿಗೆ ಹುಬ್ಬು ಹೇಗೆ ಏರಿಸುತ್ತಾರೆ, ಎಲ್ಲ ನನ್ನ ಕಣ್ಣಿಗೆ ಕಟ್ಟಿತ್ತು. ಕನ್ನಡಿಯ ಮುಂದೆ ನಿಂತು ನಾನೂ ಹುಬ್ಬು ಏರಿಸಿ ನೋಡಿದೆ. ಒಂದು ದಿನ ಗುಲ್ಬರ್ಗಾದಿಂದ ಬಂದ ಫೋಟೋಗಳ ಲಕೋಟೆ ಮೊದಲೇ ಬಿಚ್ಚಿತ್ತು. ಯಾರು ಬಿಚ್ಚಿದರು ಎಂದು ಕೇಳಿದೆ. ಬರುವಾಗ ದಾರಿಯಲ್ಲಿ ಸಾಲೆಗೆ ಹೋಗಿ ಅಕ್ಕೋರಿಗೆ ತೋರಿಸಿ ಬಂದೆ ಎಂದರು. ಏನೂ ಮುಚ್ಚಿಡದೆ, ಏನೂ ಅಲ್ಲದ ವಿಷಯದ ಹಾಗೆ ಹೇಳಿದರು. ಮುಚ್ಚಿಟ್ಟಿದ್ದರೆ ಜಗಳ ತೆಗೆಯಬಹುದಿತ್ತು.

ನಮ್ಮ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಅಲ್ಲಿ ಒಬ್ಬ ವಯಸ್ಸಾದ ಮುಸ್ಲಿಂ ಹೆಂಗಸು ಇದ್ದರು. ಓಣಿಗೆಲ್ಲ ಅವರು ಖಾಲಾ, ಎಂದರೆ ಚಿಕ್ಕಮ್ಮ. ನನ್ನ ಎರಡೂ ಬಾಣಂತನದಲ್ಲಿ ತಾಯಿಯ ಹಾಗೆ ನಿಂತವರು. ಹಿತ್ತಲ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುವಾಗ ಅವರ ಮುಂದೆ ಎಲ್ಲವನ್ನೂ ತೋಡಿಕೊಂಡೆ. ಅವರು ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವರಿಬ್ಬರೂ ಏನು ಮಾತಾಡುತ್ತಾರೆ ಎಂದು ಕೇಳಿದರು. ಕಂಬ, ಕಮಾನು, ಗಚ್ಚು ಎಂದೆ.

“ಹಂಗಾದ್ರ ಇಲ್ಲಿ ಕುಂತು ಯಾಕ್ ಸುಡಾಕತ್ತೀ, ಬೇಟಿ?” ಎಂದರು ಖಾಲಾ. “ನೀನೂ ಹೋಗು. ಕಂಬ ಏನು ಅವರಿಬ್ಬರಿಗೇ ಬರಕೊಟ್ಟಾರೇನು?”

ಮುಂದಿನ ರವಿವಾರ ಮಕ್ಕಳನ್ನು ಖಾಲಾರ ಹತ್ತಿರ ಬಿಟ್ಟು ನಾನೂ ಸಾಲೆಗೆ ಹೊರಟೆ. ನಮ್ಮ ಮನೆಯವರಿಗೆ ಆಶ್ಚರ್ಯವಾಯಿತು. ಟೇಪಿನ ಒಂದು ತುದಿ ಹಿಡಿಯಲಿಕ್ಕೆ ಆಗುತ್ತದೆ, ಬಾ ಎಂದರು. ಇಡೀ ಬೆಳಗು ಟೇಪಿನ ತುದಿ ಹಿಡಿದು ಕೋಣೆಯಿಂದ ಕೋಣೆಗೆ ತಿರುಗಿದೆ. ಅವರಿಬ್ಬರ ಮಾತಿನ ಒಂದಕ್ಷರವನ್ನೂ ಬಿಡದೆ ಕೇಳಿದೆ. ಖರೇ ಹೇಳಬೇಕೆಂದರೆ ಅದರಲ್ಲಿ ಕಂಬ ಕಮಾನು ಬಿಟ್ಟು ಬೇರೇನೂ ಇರಲಿಲ್ಲ. ಅದು ನನಗೆ ಸಮಾಧಾನ ತರಬೇಕಿತ್ತು. ತರಲಿಲ್ಲ, ಇನ್ನಷ್ಟು ಸಂಕಟವಾಯಿತು. ಬೇರೆ ಮಾತಾಗಿದ್ದರೆ ನಾನೂ ಗೆಲ್ಲಬಹುದಿತ್ತು. ಈ ಮಾತಿನಲ್ಲಿ ನನಗೆ ಬಾಯಿಯೇ ಇರಲಿಲ್ಲ. ಏಳನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಆ ಅಕ್ಕೋರು ಓದಿದ ಪುಸ್ತಕಗಳ ಮೇಲೆ, ಅವರು ನೋಡಿದ ಊರುಗಳ ಮೇಲೆ, ಅವರನ್ನು ಓದಿಸಿದ ಅಪ್ಪನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಮಧ್ಯಾಹ್ನದ ಹೊತ್ತಿಗೆ ಮೂವರೂ ಮೆಟ್ಟಿಲ ಮೇಲೆ ಕೂತು ರೊಟ್ಟಿ, ಪುಂಡಿ ಪಲ್ಯ ತಿಂದೆವು. ಇಷ್ಟೂ ದಿನ ತೆಗೆದ ಸಾಲೆಯ ಫೋಟೋಗಳನ್ನು ಅಕ್ಕೋರು ತೊಡೆಯ ಮೇಲಿಟ್ಟುಕೊಂಡು ಮತ್ತೆ ಹೊಗಳತೊಡಗಿದರು. ನನಗೆ ತಡೆಯಲಾಗಲಿಲ್ಲ.

“ಸಾಲಿ ಅಂದ್ರ ಗ್ವಾಡಿ ಏನ್ರಿ?” ಎಂದೆ. “ಇಷ್ಟ್ ಫೋಟೋದಾಗ ಒಂದು ಹುಡುಗಿನೂ ಇಲ್ಲ. ನಾಳೆ ಇವನ್ನ ನೋಡಿದವರು ಇದನ್ನ ಸಾಲಿ ಅಂತಾರೋ, ಗೋದಾಮು ಅಂತಾರೋ?”

ಚುಚ್ಚಬೇಕೆಂದೇ ಆಡಿದ ಮಾತು. ನಮ್ಮ ಮನೆಯವರ ಮುಖ ಇಳಿಯಿತು. ಅಕ್ಕೋರು ಮಾತ್ರ ಕೈಯಲ್ಲಿದ್ದ ಫೋಟೋ ಕೆಳಗಿಟ್ಟು ನನ್ನನ್ನೇ ನೋಡಿದರು. ಹೌದು, ನನಗೆ ಇದು ಹೊಳೆದೇ ಇರಲಿಲ್ಲ ಎಂದರು. ಸೋಮವಾರ ಹುಡುಗಿಯರೆಲ್ಲ ಇರುತ್ತಾರೆ, ಅವತ್ತೇ ತೆಗೆಯೋಣ ಎಂದರು. ಸೋಮವಾರ ತಮಗೆ ಕಚೇರಿ ಇದೆ ಎಂದು ನಮ್ಮವರು ಹೇಳಿದರು. ಅಕ್ಕೋರು ನನ್ನ ಕಡೆ ತಿರುಗಿ, ಹಾಗಾದರೆ ನೀವೇ ತೆಗೆಯಿರಿ ಎಂದುಬಿಟ್ಟರು.

ಕ್ಯಾಮೆರಾವನ್ನು ನಾನು ಅಲ್ಲಿಯವರೆಗೆ ಮುಟ್ಟಿಯೂ ನೋಡಿರಲಿಲ್ಲ. ಅವತ್ತು ಸಂಜೆ ನಮ್ಮ ಮನೆಯವರು ಕಲಿಸಲಿಕ್ಕೆ ಕೂತರು. ಮನಸ್ಸಿಲ್ಲದ ಮನಸ್ಸು. ಒಳಗೆ ಬಗ್ಗಿ ನೋಡಿದರೆ ಎಡಕ್ಕಿದ್ದದ್ದು ಬಲಕ್ಕೆ, ಬಲಕ್ಕಿದ್ದದ್ದು ಎಡಕ್ಕೆ ಕಾಣುತ್ತಿತ್ತು. ಹಿತ್ತಲಲ್ಲಿ ಓಡುತ್ತಿದ್ದ ಮಗನನ್ನು ಅದರೊಳಗೆ ಹಿಡಿಯಲಿಕ್ಕೆ ಹೋಗಿ ನಾನು ತಿರುಗಿದ್ದೆಲ್ಲ ತಪ್ಪು ದಿಕ್ಕಿಗೆ. ಅವರು ಎರಡು ಸಲ ನನ್ನ ಕೈ ಹಿಡಿದು ಸರಿಮಾಡಿದರು. ರೋಲು ಹಾಳಾದರೆ ಆಗಲಿ, ಕ್ಯಾಮೆರಾ ಕೆಡವಬೇಡ ಎಂದರು.

ಸೋಮವಾರ ಹುಡುಗಿಯರು ಮೆಟ್ಟಿಲ ಮೇಲೆ, ಕಮಾನುಗಳೊಳಗೆ, ಕಟ್ಟೆಯ ಮೇಲೆ, ಎಲ್ಲೆಲ್ಲಿ ಜಾಗ ಸಿಕ್ಕಿತೋ ಅಲ್ಲೆಲ್ಲ ಕೂತರು. ಸಾಲಾಗಿ ನಿಲ್ಲಿಸಲಿಕ್ಕೆ ನನಗೆ ಬರಲಿಲ್ಲ. ಒಬ್ಬಳ ಜಡೆಯನ್ನು ಇನ್ನೊಬ್ಬಳು ಹೆಣೆಯುತ್ತಿದ್ದಳು. ಸಣ್ಣವಳೊಬ್ಬಳು ಬರೆಯುವ ಪಾಟಿಯನ್ನು ತಲೆಯ ಮೇಲೆ ಹೊತ್ತಿದ್ದಳು. ಒಂದು ಕಂಬದ ಹಿಂದಿನಿಂದ ಇಬ್ಬರು ಇಣುಕುತ್ತಿದ್ದರು. ಬಗ್ಗಿ ನೋಡಿ ಗುಂಡಿ ಒತ್ತಿದೆ.

ಹುಡುಗಿಯರು ಒಳಗೆ ಹೋದ ಮೇಲೆ ಅಕ್ಕೋರು ನನಗೆ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತರು.

“ನಾ ನಿಮ್ಮ ಮನಿಗೆ ಬರೂದು ನಿಮಗ ಸೇರೂದಿಲ್ಲ. ನನಗ ಗೊತ್ತದರಿ,” ಎಂದರು ತಣ್ಣಗೆ.

ಹಾಗೇನಿಲ್ಲ ಅನ್ನಬೇಕಿತ್ತು. ಅದರ ಬದಲು, “ಗೊತ್ತಿದ್ದೂ ಯಾಕ್ ಬರ್ತಿದ್ರಿ?” ಎಂದು ಕೇಳಿದೆ.

“ಈ ಊರಾಗ ಬ್ಯಾರೆ ಯಾರ ಮನ್ಯಾಗೂ ಇಂಥಾ ಮಾತು ಸಿಗಲಿಲ್ಲರಿ. ಮಾತಿನ ಆಸೆಗೆ ಬರ್ತಿದ್ದೆ. ನೀವು ಬ್ಯಾಡ ಅಂದ್ರ ಬರೂದಿಲ್ಲ.”

ಲೋಟ ಕೆಳಗಿಟ್ಟು ಮನೆಗೆ ಬಂದೆ. ದಾರಿಯಲ್ಲಿ ಅವರ ಮಾತನ್ನೇ ತಿರುವಿ ಹಾಕುತ್ತಿದ್ದೆ. ಮಾತಿನ ಆಸೆ ನನಗೂ ಇತ್ತು. ಅದನ್ನು ಹೀಗೆ ಬಾಯಿಬಿಟ್ಟು ಹೇಳುವ ಧೈರ್ಯವೂ ಅವರಿಗೇ ಇತ್ತಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು.

ಫೋಟೋ ಬಂದವು. ಕೆಲವು ಅಲುಗಾಡಿದ್ದವು, ಒಂದರಲ್ಲಿ ನನ್ನ ಹೆಬ್ಬೆರಳು ಬಂದಿತ್ತು. ಆದರೆ ಮೆಟ್ಟಿಲ ಮೇಲಿನದು ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಗುಲ್ಬರ್ಗಾದ ಸ್ಟುಡಿಯೋದವರು ಇದನ್ನು ಯಾರು ತೆಗೆದರು ಎಂದು ನಮ್ಮವರನ್ನೇ ಕೇಳಿದರಂತೆ. ಅದನ್ನು ನನಗೆ ಹೇಳಿದವರೂ ಅವರೇ. ಹೇಳಿ, ಅಂಗಿಯ ಗುಂಡಿ ಬಿಚ್ಚುತ್ತ ಹಿತ್ತಲಿಗೆ ಹೋದರು. ಅವತ್ತು ರಾತ್ರಿ ಬೇಗ ಉಂಡು ಮಲಗಿದರು. ಮರುದಿನವೂ ಹಾಗೇ. ಅಕ್ಕೋರು ಆ ಫೋಟೋವನ್ನು ದೊಡ್ಡದು ಮಾಡಿಸಿ ಸಾಲೆಯ ತಮ್ಮ ಕೋಣೆಯಲ್ಲಿ ಹಾಕುತ್ತಾರೆ ಎಂದು ಗೊತ್ತಾದ ಮೇಲಂತೂ ನಮ್ಮವರು ಒಂದು ರವಿವಾರ ಹೊರಗೇ ಹೋಗಲಿಲ್ಲ. ಕ್ಯಾಮೆರಾ ಗೂಟಕ್ಕೆ ತೂಗುಬಿದ್ದಿತ್ತು. ಕಚೇರಿಯಲ್ಲಿ ಯಾರೋ, ನಿಮಗಿಂತ ನಿಮ್ಮ ಮನೆಯವರದೇ ಕೈ ಚಲೋ ಅದ ಎಂದಿದ್ದರಂತೆ.

ನಾನು ಹತ್ತು ವರ್ಷ ತಿಂದ ಸಂಕಟವನ್ನು ಈಗ ಅವರು ತಿನ್ನುತ್ತಿದ್ದರು. ನನಗೆ ಅದು ಗುರುತು ಸಿಗದೆ ಇರುತ್ತದೆಯೇ? ತಟ್ಟೆಯಲ್ಲಿ ರೊಟ್ಟಿ ಮುರಿಯುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಮರುಗಬೇಕಿತ್ತು, ಮರುಗಲಿಲ್ಲ. ಒಳಗೊಳಗೇ ಹಬ್ಬ ಮಾಡಿದೆ. ಅಕ್ಕನಿಗೆ ಜೇವರ್ಗಿಗೆ ಹೇಳಿ ಕಳಿಸಿದೆ, ನಾನು ತೆಗೆದ ಫೋಟೋ ಸಾಲೆಯ ಗೋಡೆಯ ಮೇಲಿದೆ ಎಂದು.

ಹಳೆಯ ಸಾಲೆ ಬಿತ್ತು, ಹೊಸದು ಎದ್ದಿತು. ಅಕ್ಕೋರಿಗೆ ಬೇರೆ ಊರಿಗೆ ವರ್ಗವಾಯಿತು. ಹೋಗುವ ದಿನ ಮನೆಗೆ ಬಂದು ಕುಂಕುಮ ತೆಗೆದುಕೊಂಡು ಹೋದರು. ಅವರು ಹೋದ ಮೇಲೆ ನನಗೆ ಹಾಯೆನಿಸುತ್ತದೆ ಅಂದುಕೊಂಡಿದ್ದೆ. ಕೆಲವು ದಿನ ಸಂಜೆಯಾದರೆ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು.

ತೊಂಬತ್ತರ ದಶಕದ ಮೊದಲಿಗೆ ಊರಲ್ಲಿ ರಸ್ತೆ ಅಗಲ ಮಾಡಿದರು. ಅಗಸಿಯ ಹಿಂದಿನ ಜವಳಿ ಗಲ್ಲಿ ಇಡಿಯಾಗಿ ಹೋಯಿತು. ಎರಡು ಕೈ ಚಾಚಿದರೆ ಎರಡೂ ಬದಿಯ ಮನೆ ಮುಟ್ಟುವಷ್ಟು ಸಣ್ಣ ಗಲ್ಲಿ ಅದು. ಅದಾದ ಕೆಲವು ತಿಂಗಳಿಗೆ ಹೆಣ್ಣುಮಕ್ಕಳ ಸಾಲೆಯವರು, ನಮ್ಮವರ ಹತ್ತಿರ ಊರಿನ ಹಳೆಯ ಫೋಟೋ ಇವೆ ಎಂದು ನೆನಪು ಮಾಡಿಕೊಂಡು, ಎಲ್ಲವನ್ನೂ ಸಾಲೆಯ ದೊಡ್ಡ ಕೋಣೆಯಲ್ಲಿ ಹಾಕೋಣ, ಊರವರು ನೋಡಲಿ ಎಂದರು. ಬಿಸ್ಕೀಟ್ ಡಬ್ಬಿಗಳು ಆಗ ನಾಲ್ಕಾಗಿದ್ದವು. ಒಂದು ಗೋಡೆಗೆ ಅವರ ಕಟ್ಟಡಗಳು, ಇನ್ನೊಂದು ಗೋಡೆಗೆ ಇಷ್ಟು ವರ್ಷ ಅವರ ರೋಲಿನಲ್ಲೇ ನಾನು ನಡುನಡುವೆ ತೆಗೆದ ಜನರ ಫೋಟೋಗಳು. ಗಂಜಿನ ಹಮಾಲರು, ಘತ್ತರಗಿ ಜಾತ್ರೆಗೆ ನಡೆದು ಹೋಗುವವರು, ಬಸ್ ಸ್ಟ್ಯಾಂಡಿನಲ್ಲಿ ಮಲಗಿದವರು, ಮತ್ತೆ ಆ ಮೆಟ್ಟಿಲ ಹುಡುಗಿಯರು.

ಜನ ಬಂದರು. ಬಂದವರೆಲ್ಲ ನನ್ನ ಗೋಡೆಯ ಮುಂದೆ. ಇವ ನಮ್ಮ ಕಾಕಾ ಅಲ್ಲೇನು, ಈಕಿ ನಾನೇ ನೋಡು ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಮೆಟ್ಟಿಲ ಮೇಲಿನ ಹುಡುಗಿಯರು ಈಗ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ನಮ್ಮ ಮನೆಯವರು ಆಚೆ ಗೋಡೆಯ ಹತ್ತಿರ, ಕೈ ಹಿಂದೆ ಕಟ್ಟಿಕೊಂಡು ಒಬ್ಬರೇ ನಿಂತಿದ್ದರು. ನಾನು ಅವರ ಕಡೆ ನೋಡಿದೆ. ಗೆದ್ದೆ ಎನಿಸಿತು. ಆ ಗೆಲುವು ಬಾಯಲ್ಲಿ ಬೆಲ್ಲದ ಹಾಗೇ ಇತ್ತು, ಸುಳ್ಳು ಯಾಕೆ ಹೇಳಲಿ.

ಮೂರು ಗಂಟೆಯ ಸುಮಾರಿಗೆ ಖಾಲಾ ಬಂದರು. ಆಗ ಅವರಿಗೆ ನಡೆಯಲಿಕ್ಕೆ ಕೋಲು ಬೇಕಾಗಿತ್ತು. ನನ್ನ ಗೋಡೆಯ ಮುಂದೆ ನಿಲ್ಲದೆ ನೆಟ್ಟಗೆ ಆಚೆಗೆ ಹೋದರು. ಒಂದು ಫೋಟೋದ ಮುಂದೆ ನಿಂತವರು ಅಲ್ಲಿಂದ ಅಲುಗಲೇ ಇಲ್ಲ. ನಾನು ಹತ್ತಿರ ಹೋದೆ. ಜವಳಿ ಗಲ್ಲಿಯ ಫೋಟೋ. ಎರಡೂ ಕಡೆ ಎತ್ತರದ ಗೋಡೆ, ನಡುವೆ ಪರಸಿಯ ಮೇಲೆ ಒಂದು ಪಟ್ಟಿ ಬಿಸಿಲು, ಎಡಕ್ಕೆ ಅರ್ಧ ತೆರೆದ ಒಂದು ಸಣ್ಣ ಬಾಗಿಲು. ಒಬ್ಬ ಮನುಷ್ಯನೂ ಇಲ್ಲ. ಖಾಲಾ ಆ ಬಾಗಿಲಿನ ಮೇಲೆ ಬೆರಳಿಟ್ಟರು.

“ನಮ್ಮ ಅಬ್ಬಾನ ಮನಿ ಇದು,” ಎಂದರು. “ನಾ ಹುಟ್ಟಿದ್ದು ಇಲ್ಲೇ. ಈ ಬಾಗಿಲಾ ಪೂರಾ ತೆರೀತಿರಲಿಲ್ಲ, ಕೆಳಗ ಪರಸಿಗೆ ತಾಗ್ತಿತ್ತು. ಯಾವಾಗ್ಲೂ ಹಿಂಗೇ ಅರ್ಧಾ.”

ಅವರ ತವರಿನ ಆ ಮನೆ ರಸ್ತೆಗೆ ಹೋದದ್ದು ನನಗೆ ಗೊತ್ತಿತ್ತು. ಅದರ ಬಗ್ಗೆ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಈಗಲೂ ಅಳಲಿಲ್ಲ. ಬೆರಳು ಮಾತ್ರ ಬಾಗಿಲಿನ ಮೇಲೇ ಇತ್ತು. ಫೋಟೋದೊಳಗೆ ಯಾರಾದರೂ ನಿಂತಿದ್ದರೆ ಖಾಲಾರಿಗೆ ಆ ಹೊಸ್ತಿಲ ತನಕ ಹೀಗೆ ಹೋಗಲಿಕ್ಕೆ ಆಗುತ್ತಿರಲಿಲ್ಲವೇನೋ ಎಂದು ನನಗೆ ಆಗ ಅನಿಸಿತು. ನಮ್ಮ ಮನೆಯವರು ಗೋಡೆಯಿಂದ ಆ ಫೋಟೋವನ್ನು ಬಿಡಿಸಿ, ಹಿಂದಿನ ಅಂಟನ್ನು ಉಗುರಿನಿಂದ ಕೆರೆದು, ಖಾಲಾರ ಕೈಗೆ ಕೊಟ್ಟರು.

ಅದನ್ನು ಖಾಲಾ ತಮ್ಮ ಮನೆಯಲ್ಲಿ ಕಟ್ಟು ಹಾಕಿಸಿ ಇಟ್ಟುಕೊಂಡರು. ಆ ಗಲ್ಲಿಯಲ್ಲಿ ಹುಟ್ಟಿ ಬೆಳೆದವರು ಒಬ್ಬೊಬ್ಬರೇ ಬಂದು ನೋಡಿ ಹೋಗತೊಡಗಿದರು. ಒಂದು ಮಧ್ಯಾಹ್ನ ನಾನೂ ಅಲ್ಲಿ ಕೂತು, ಮೊದಲ ಸಲ, ಆ ಫೋಟೋವನ್ನು ಸರಿಯಾಗಿ ನೋಡಿದೆ. ಅಷ್ಟು ಇಕ್ಕಟ್ಟಿನ ಗಲ್ಲಿಯೊಳಗೆ ನೆಲದ ತನಕ ಬಿಸಿಲು ಇಳಿಯುವುದು ಯಾವಾಗ ಎಂದು ಖಾಲಾರನ್ನು ಕೇಳಿದೆ. ಇಳಿಯುವುದೇ ಕಡಿಮೆ, ಬೇಸಿಗೆಯಲ್ಲಿ ನಡುಹಗಲಿಗೆ ಒಂದು ಚಹಾ ಕುಡಿಯುವಷ್ಟು ಹೊತ್ತು, ಅಷ್ಟೇ ಎಂದರು.

ಹಾಗಾದರೆ ನಮ್ಮ ಮನೆಯವರು ಅಲ್ಲಿ ಎಷ್ಟು ಹೊತ್ತು ಕಾದಿರಬೇಕು? ಎಷ್ಟು ಸಲ ಹೋಗಿರಬೇಕು? ಹೋದದ್ದಕ್ಕೆ ಸಿಟ್ಟು ಮಾಡಿದ್ದೆ, ಮನೆಯಲ್ಲಿ ಕೂತು ಕುದ್ದಿದ್ದೆ. ಅಲ್ಲಿ ಏನು ಮಾಡಿದಿರಿ ಎಂದು ಒಮ್ಮೆಯೂ ಕೇಳಿರಲಿಲ್ಲ. ನನ್ನ ಮೆಟ್ಟಿಲ ಹುಡುಗಿಯರ ಫೋಟೋ ನನಗೆ ಒಂದು ಗಳಿಗೆಯಲ್ಲಿ ಸಿಕ್ಕಿತ್ತು. ಹೀಗೆ ಕಾಯುವುದು ನನ್ನಿಂದ ಆಗುವ ಕೆಲಸವಲ್ಲ. ಆ ಗಲ್ಲಿಯ ಮೇಲೆ ನನಗೆ ಹೊಸದಾಗಿ ಮತ್ಸರವಾಯಿತು. ಯಾರಾದರೂ ನನಗಾಗಿ ಹಾಗೆ ಬಿಸಿಲಲ್ಲಿ ನಿಂತಿದ್ದರೆ!

ಸಂಜೆ ಅವರು ಕಚೇರಿಯಿಂದ ಬಂದಾಗ, ಜವಳಿ ಗಲ್ಲಿ ಹೇಗಿತ್ತು, ನನಗೆ ತೋರಿಸಿ ಎಂದೆ.

“ಈಗ ಅಲ್ಲೇನದ? ಬರೇ ಡಾಂಬರು,” ಎಂದರು.

“ಇರ್ಲಿ, ತೋರ್ಸ್ರಿ,” ಎಂದೆ.

ಚಹಾ ಕುಡಿದು ಇಬ್ಬರೂ ಹೊರಟೆವು. ಕ್ಯಾಮೆರಾ ಒಯ್ಯಲಿಲ್ಲ. ರಸ್ತೆಯ ಮೇಲೆ ಎತ್ತಿನ ಗಾಡಿಗಳು, ಟೆಂಪೋಗಳು, ಉಮರ್ಗಾಕ್ಕೆ ಹೋಗುವ ಬಸ್ಸು. ನಿಧಾನವಾಗಿ ಕಾಲಿನಿಂದ ಡಾಂಬರಿನ ಮೇಲೆ ಒಂದು ಗೆರೆ ತೋರಿಸಿ, ಇಲ್ಲಿಂದ ಗೋಡೆ ಎಂದರು. ಇದು ಬಣ್ಣದವರ ಮನೆ, ಇಲ್ಲಿ ಮೂರು ಮೆಟ್ಟಿಲು, ಮೂರನೆಯದು ಸವೆದಿತ್ತು ಎಂದರು. ಆಮೇಲೆ ಕೈ ಎದ್ದಿತು. ಗಾಳಿಯಲ್ಲಿ ಒಂದು ಕಮಾನು ಬಂತು, ಅದರ ಪಕ್ಕದಲ್ಲಿ ಒಂದು ಕಿಟಕಿ ಬಂತು. ಹೋಗುವವರು ತಿರುಗಿ ನೋಡುತ್ತಿದ್ದರು. ಹಿಂದಿನಿಂದ ಬಸ್ಸು ಹಾರ್ನ್ ಹಾಕಿತು. ಅವರು ನನ್ನ ಮೊಳಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡರು. ಬಸ್ಸು ದಾಟಿ ಹೋಗಿ ಧೂಳು ಇಳಿದ ಮೇಲೆ ಮತ್ತೆ ರಸ್ತೆಗೆ ಬಂದೆವು. ಆ ಕಿಟಕಿಯ ಎದುರಿಗೆ ಯಾರ ಮನೆ ಇತ್ತು ಎಂದು ನಾನು ಕೇಳಿದೆ.